ನೈಟ್ರೇಟ್, ನೈಟ್ರೈಟ್

ಹಿಂದಿ ಸೀಮೆಯ ಭೇಲೂಪುರದ ಬಾಡಿಗೆ ಮನೆಯಲ್ಲಿ ವಸುಮತಿ ಅಕ್ಕಿ ಆರಿಸುತ್ತ ಮಗನ ಮಗಳ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು.

“ಮೂರು ಆಕ್ಸಿಜನ್ ಇದ್ರೆ ನೈಟ್ರೇಟ್. ಒಂದು ಹೋದ್ರೆ ನೈಟ್ರೈಟ್,” ಎಂದಳು ನೇಹಾ.

“ಒಂದು ಹೋದದ್ದಕ್ಕೆ ಹೆಸರೇ ಬದಲಿಸಬೇಕೇನೇ?”

“ರೂಲ್ ಹೈ ನಾ, ಅಜ್ಜಿ.”

ವಸುಮತಿಯ ಕೈ ಮೊರದಲ್ಲೇ ನಿಂತಿತು. ಅಳಿಯ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಹುಬ್ಬಳ್ಳಿಯ ಮಗಳಿಗೆ ಬರೆದ ಇನ್‌ಲ್ಯಾಂಡ್ ಕಾಗದದಲ್ಲಿ ಮೊದಲ ಸಾಲು ಮಾತ್ರ ಖಾಲಿ ಉಳಿದಿತ್ತು. ಮದುವೆಯಾದಂದಿನಿಂದ ‘ಚಿ. ಸೌ. ಮಹೇಶ್ವರಿಗೆ’ ಎಂದೇ ಬರೆದ ಕೈಗೆ ಈಗ ‘ಸೌ.’ ಬರೆಯಲೂ ಆಗದು, ಬಿಡಲೂ ಆಗದು.

“ಪುಸ್ತಕದಲ್ಲಿ ಅದರ ತಲೆ ಮೇಲೆ ಬರೆದಿರೋ ಆ ಮೈನಸ್ಸೂ ಹೋಗ್ತದಾ?”

“ಇಲ್ಲ ಅಜ್ಜಿ, ವೋ ತೋ ರಹೇಗಾ. ಹೆಸರು ಬದಲಾದ್ರೂ ಮೈನಸ್ ಅಷ್ಟೇ.”

ವಸುಮತಿ ಕಾಗದ ತೆಗೆದು ‘ಚಿ. ಮಹೇಶ್ವರಿಗೆ’ ಎಂದು ಬರೆದು ಅಂಟಿಸಿದಳು. ಗಲ್ಲಿಯ ತುದಿಯ ಅಂಚೆಡಬ್ಬಿಯೊಳಗೆ ಅದು ಬಿದ್ದ ಮೇಲೂ ಅವಳ ಕೈ ಡಬ್ಬಿಯ ಬಾಯಲ್ಲೇ ಇತ್ತು.