ಸಿಂಹಾಸನದಿಂದ ಏಳಬಾರದು

ಮಕ್ಕಳ ಶಿಬಿರದ ಸಭಾಂಗಣದ ಬಾಗಿಲಲ್ಲಿ ಅಜ್ಜ ಕಂಡದ್ದೇ ತಡ, ನಾಟಕದ ಸಿಂಹಾಸನದಲ್ಲಿ ರಾಜನಾಗಿ ಕುಳಿತಿದ್ದ ಆಶಾರಾಣಿ ಅರ್ಧ ಎದ್ದುಬಿಟ್ಟಳು. ಅಜ್ಜ ದೊಡ್ಡತಿಮ್ಮಪ್ಪ ಎದುರಿಗೆ ಬಂದರೆ ಮನೆಯಲ್ಲಿ ಅಪ್ಪನೂ ಕುಳಿತಿರುತ್ತಿರಲಿಲ್ಲ. ಶಿಬಿರಕ್ಕೆ ಕಳಿಸುವಾಗಲೇ ಅಜ್ಜ ಗದರಿದ್ದ: "ಜೋಗಿಮಟ್ಟಿ ಬೆಟ್ಟ ಹತ್ತು, ಗಿಡ ಮರ ನೋಡ್ಕಂಡ್ ಬಾ. ನಾಟಕ ಗೀಟಕ ಅಂದ್ರೆ ಕಾಲು ಮುರೀತೀನಿ." ಈಗ ಕರೆದೊಯ್ಯಲು ಹೇಳಿದ್ದ ಹೊತ್ತಿಗಿಂತ ಮುಂಚೆಯೇ ಬಂದಿದ್ದಾನೆ. ಅವಳ ಅಂಟಿಸಿದ ಮೀಸೆ ಬೆವರಿಗೆ ಸಡಿಲವಾಗತೊಡಗಿತು.

ಪರದೆಯ ಮರೆಯಲ್ಲಿ ನಾಟಕ ಕಲಿಸಿದ ಓಬಳೇಶ್ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತರು. ತಾಲೀಮಿನಲ್ಲೂ ಹೀಗೇ ಆಗಿತ್ತು. ಅವರು ರಂಗಕ್ಕೆ ಕಾಲಿಟ್ಟಾಗಲೆಲ್ಲ ಈ ರಾಜ ದಿಗ್ಗನೆ ಎದ್ದು ನಿಲ್ಲುತ್ತಿದ್ದ. "ದೊರೆ ಕಣವ್ವ ನೀನು. ಯಾರೇ ಬರ್ಲಿ, ಏಳಂಗಿಲ್ಲ," ಎಂದು ವಾರವಿಡೀ ತಿದ್ದಿದ್ದರು.

ಮಂತ್ರಿಯ ಮಾತು ಮುಗಿದಿತ್ತು. ಎಲ್ಲರೂ ರಾಜನ ಉತ್ತರಕ್ಕೆ ಕಾಯುತ್ತಿದ್ದರು. ಅಜ್ಜ ಕೋಲೂರುತ್ತಾ ನೇರ ರಂಗದತ್ತಲೇ ಬರುತ್ತಿದ್ದ. ಆಶಾರಾಣಿಗೆ ಕಲಿತ ಮಾತು ಒಂದೂ ನೆನಪಾಗಲಿಲ್ಲ. ಸಿಂಹಾಸನದ ಕೈಗಳನ್ನು ಬಿಗಿಯಾಗಿ ಹಿಡಿದು ಅವಳು ಮೆಲ್ಲಗೆ ಮತ್ತೆ ಕುಳಿತಳು.

"ನಿಮ್ಮ ಅಹವಾಲು ಆಮೇಲೆ ಕೇಳ್ತೀವಿ, ಹಿರಿಯರೇ." ದನಿ ಒಡೆಯಿತು, ಆದರೆ ನಿಲ್ಲಲಿಲ್ಲ. "ಸಭೆ ನಡೀತೈತೆ. ಮೊದ್ಲು ಕುಂತ್ಕಳ್ರಿ."

ಕೋಲಿನ ಸದ್ದು ನಿಂತಿತು. ದೊಡ್ಡತಿಮ್ಮಪ್ಪ ಮೊಮ್ಮಗಳನ್ನೇ ದಿಟ್ಟಿಸಿದ. ಆಮೇಲೆ ಅವನು ಚಪ್ಪಲಿ ಕಳಚಿ ಬದಿಗಿಟ್ಟು, ಮಕ್ಕಳ ನಡುವೆ ಚಾಪೆಯ ಮೇಲೆ ಕುಳಿತ.

"ಆಗ್ಲಿ, ದೊರೆ," ಎಂದ.