ಮೂಕ ಬ್ಲಾಕುಗಳು

ಅಂಗನವಾಡಿಯ ವನಮಾಲಾ ಟೀಚರ್ ಬುಟ್ಟಿ ಹಿಡಿದು ಬರುವುದನ್ನು ಕಂಡು ಚನ್ನಪಟ್ಟಣದ ಮುಬೀನಾ ಲೇತ್ ನಿಲ್ಲಿಸಿದಳು. ಮರದ ಬ್ಲಾಕಿಗೆ ಅರಗಿನ ಬಣ್ಣ ಹಚ್ಚಿ, ಬಿಸಿ ಆರಿದ ಮೇಲೆ ಅದನ್ನು ಮಾತಾಡಿಸುವ ಎಲೆಕ್ಟ್ರಾನಿಕ್ ಚಿಪ್ಪು ಕೂರಿಸಬೇಕು. ಹೋದ ವಾರ ಅವಸರದಲ್ಲಿ ಮೊದಲೇ ಕೂರಿಸಿದ್ದಳು. ಅರಗಿನ ಕಾವಿಗೆ ಚಿಪ್ಪುಗಳೆಲ್ಲ ಸುಟ್ಟಿರಬೇಕೆಂದು ಹೊಳೆದದ್ದು ಬ್ಲಾಕುಗಳ ಬುಟ್ಟಿ ಅಂಗನವಾಡಿಗೆ ಹೋದ ಮೇಲೆಯೇ.

"ಒಂದೂ ಮಾತಾಡ್ಲಿಲ್ವಾ ಟೀಚರ್? ಬೇರೆ ಮಾಡ್ಕೊಡ್ತೀನಿ."

"ಒಂದೂ ಇಲ್ಲ ಕಣಮ್ಮ. 'ನನ್ನ ಇಲ್ಲಿಡು', 'ಇದು ಗೋಡೆ', 'ಭೇಷ್' ಅಂತ ಹೇಳೋ ಬ್ಲಾಕೇ ಇಲ್ಲ. ಎರಡು ದಿನ ಮಕ್ಕಳು ಕಿವಿಗೆ ಹಿಡ್ಕೊಂಡು ಕಾಯ್ತಾ ಕೂತ್ರು."

"ಆಮೇಲೆ?"

ಟೀಚರ್ ಬುಟ್ಟಿಯ ಮೇಲಿನ ಬಟ್ಟೆ ಸರಿಸಿದರು. ಒಳಗೆ, ಬ್ಲಾಕುಗಳಿಗೆ ದಾರ ಸುತ್ತಿ ಕಟ್ಟಿದ ಏನೋ ಒಂದು ಓರೆಯಾಗಿ ನಿಂತಿತ್ತು. ಮನೆಯಲ್ಲ, ಬಂಡಿಯಲ್ಲ, ಆನೆಯೂ ಅಲ್ಲ.

ಗೋಡೆಯ ಗೂಡಿನಲ್ಲಿದ್ದ, ಚಿಪ್ಪು ಸುಡದ ಮಾತಿನ ಬ್ಲಾಕುಗಳೆಲ್ಲ ಒಟ್ಟಿಗೆ ಕೇಳಿದವು: "ಇದೇನು?"

"ಹೇಳಬಾರದು ಅಂತ ಮಕ್ಕಳು ಆಣೆ ಹಾಕ್ಸಿದಾರೆ," ಟೀಚರ್ ನಕ್ಕರು. "ಅವರಿಗೆ ಇನ್ನೊಂದು ಬುಟ್ಟಿ ಬೇಕಂತೆ. ಅದೇ ತಪ್ಪು ಮಾಡ್ಕೊಡ್ತೀಯಾ?"

ಮುಬೀನಾ ಚಿಪ್ಪಿನ ಡಬ್ಬಿಯ ಕಡೆ ನೋಡಿದಳು. ಅದರ ಮುಚ್ಚಳ ಭದ್ರವಾಗಿ ಹಾಕಿ, ಕೆಂಪು ಅರಗು ಕೈಗೆತ್ತಿಕೊಂಡಳು.

"ಇದೇನು? ಇದೇನು?" ಗೂಡು ಮತ್ತೆ ಕೇಳಿತು.

ಅವಳು ಲೇತ್ ಚಾಲೂ ಮಾಡಿದಳು.