ಮರಿಯ ಚರ್ಮ

ಸತ್ತ ಮರಿಯ ಚರ್ಮವನ್ನು ಸಾಬಣ್ಣ ಅಂಗಿ ಕಳಚಿದಂತೆ ಇಡಿಯಾಗಿ ಸುಲಿದ. ಕಾಲಿನ ಕಡೆ ನಾಲ್ಕು ತೂತು ಉಳಿದವು. ತಬ್ಬಲಿ ಮರಿಯೊಂದನ್ನು ತೊಡೆಯ ನಡುವೆ ಹಿಡಿದು, ಅದರ ಕಾಲುಗಳನ್ನು ಆ ತೂತುಗಳಲ್ಲಿ ತೂರಿಸಿದ. ಮರಿ ಹಸಿದು ಹಸಿದು ಕೂಗುವುದನ್ನೂ ಬಿಟ್ಟಿತ್ತು. ಮರಿ ಸತ್ತ ಈ ಕುರಿ ಹಾಲು ಕೊಡದಿದ್ದರೆ ಅದು ಸಂಜೆ ಕಾಣುತ್ತಿರಲಿಲ್ಲ.

ಗುಡಿಸಲ ಬಾಗಿಲಲ್ಲಿ ಸೊಸೆ ಸತ್ಯವ್ವ ಕೂಸಿಗೆ ಹಾಲೂಡಿಸುತ್ತ ನೋಡುತ್ತಿದ್ದಳು.

ಹಿಪ್ಪರಗಿಯ ಹೊಳೆದಂಡೆಗೆ ಜ್ವರ ಬಂದ ವರ್ಷ ಅದು. ಜಮಖಂಡಿ ಸಂಸ್ಥಾನದ ಊರೂರಲ್ಲೂ ಹೆಣ ಹೊರುವವರು ಸಾಲದಾಗಿದ್ದರು. ಹೆತ್ತ ಮರುದಿನವೇ ಸತ್ಯವ್ವ ಜ್ವರದಲ್ಲಿ ಮಲಗಿದಳು. ಪ್ರಜ್ಞೆ ಬಂದಾಗ ಅತ್ತೆ ಲಗಮವ್ವ ಕೂಸನ್ನು ಅವಳ ಮಗ್ಗುಲಿಗೆ ಹಾಕಿ ಸುದ್ದಿ ಹೇಳಿದಳು. ಬಾಣಂತನಕ್ಕೆ ತವರಿಗೆ ಬಂದಿದ್ದ ಮಗಳು ಅನಸವ್ವ ಹೋದಳು. ಅವಳ ಕೂಸೂ ಹೋಯಿತು.

ಸತ್ಯವ್ವ ಅಳಲಿಲ್ಲ. ಹೆತ್ತ ದಿನ ತಾನೇ ತೊಡಿಸಿದ್ದ ಕುಂಚಿಗೆಯನ್ನು ತಲೆಯಿಂದ ಸರಿಸಿ ಕೂಸಿನ ನೆತ್ತಿ ಮೂಸಿದಳು. ಗೋಡೆಯ ಕಡೆ ಹೊರಳಿದಳು. ಜ್ವರದ ನಿಶ್ಶಕ್ತಿ ಎಂದು ಅತ್ತೆಯೇ ಕೂಸನ್ನು ಅವಳ ಎದೆಗೆ ಹಚ್ಚಿದಳು.

ಅಂದಿನಿಂದ ಸತ್ಯವ್ವ ಹಾಲು ಕೊಡುತ್ತಿದ್ದಳು, ಅಷ್ಟೇ. ಮಾತಿಲ್ಲ, ಜೋಗುಳವಿಲ್ಲ. ಆ ಸೆಕೆಯಲ್ಲೂ ಲಗಮವ್ವ ಕೂಸಿನ ಕುಂಚಿಗೆ ಬಿಚ್ಚಗೊಡುತ್ತಿರಲಿಲ್ಲ, ಒಗೆಯಗೊಡುತ್ತಿರಲಿಲ್ಲ. ಗಾಳಿ ತಾಗೀತು ಎನ್ನುತ್ತಿದ್ದಳು.

ಹೊರಗೆ, ಮರಿ ಸತ್ತ ಕುರಿ ಚರ್ಮ ತೊಟ್ಟ ಮರಿಯ ಮುಖ ನೋಡಲಿಲ್ಲ. ಬಾಲದ ಬುಡ ಮೂಸಿ, ಮುಂಗಾಲನ್ನು ನೆಲಕ್ಕೆ ಬಡಿಯಿತು.

"ಒದಿಬ್ಯಾಡ ಬೇ, ಮಹಾರಾಣಿ! ನಿನ್ನ ಮಗನ ಅಂಗಿನ ತೊಡಿಸೇನಿ," ಎಂದ ಸಾಬಣ್ಣ.

ಕುರಿ ಮತ್ತೆ ಮೂಸಿತು. ಬಾಯಿ ತೆರೆಯದೆ ಗಂಟಲಲ್ಲೇ ಸಣ್ಣಗೆ ಗುರುಗುಟ್ಟಿತು. ಹೆತ್ತ ಕುರಿ ತನ್ನ ಮರಿಗಷ್ಟೇ ಮಾಡುವ ಸದ್ದು ಅದು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ಬಾಲ ಅಲುಗಿತು.

"ಅದಕ್ಕ ಗೊತ್ತಾಗೂದಿಲ್ಲೇನ್ರಿ, ಮಾವಾ?"

ಜ್ವರ ಬಿಟ್ಟ ಮೇಲೆ ಸತ್ಯವ್ವ ಆಡಿದ ಮೊದಲ ಮಾತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಗೊತ್ತಾದ್ರ ಒದ್ದು ದೂಡತೈತಿ," ಸಾಬಣ್ಣ ತಲೆ ಎತ್ತಲಿಲ್ಲ. "ಅದಕ್ಕ ಈ ಚರ್ಮ. ನಾಕ ದಿನ ಹಾಲು ಕುಡದ್ರ ಮರಿಗೆ ಅದರದ ವಾಸನಿ ಬರತೈತಿ. ಆಮ್ಯಾಲ ಚರ್ಮ ಬೇಕಾಗೂದಿಲ್ಲ."

"ಸಾಕ ಸುಮ್ಮನಿರ್ರಿ! ಬಾಣಂತಿ ಮುಂದ ಎಂಥಾ ಮಾತು!" ಒಳಗಿಂದ ಲಗಮವ್ವ ಗದರಿದಳು.

ಚರ್ಮ ನಾರತೊಡಗಿದ ದಿನ ಸಾಬಣ್ಣ ಅದನ್ನು ಕತ್ತರಿಸಿ ತೆಗೆದ. ಮರಿ ತನ್ನದೇ ಮೈಯಲ್ಲಿ ನಿಂತಿತು. ಕುರಿ ಹತ್ತಿರ ಬಂದು ಬಾಲದ ಬುಡ ಮೂಸಿತು. ಲಗಮವ್ವ ನೋಡುತ್ತಿದ್ದಳು, ಕುರಿಯನ್ನಲ್ಲ, ಸೊಸೆಯನ್ನು.

ಕುರಿ ಗುರುಗುಟ್ಟಿತು.

ಸತ್ಯವ್ವ ಮಡಿಲ ಕೂಸಿನ ಕುಂಚಿಗೆಯೊಳಗೆ ಮೂಗು ತೂರಿಸಿದಳು. ತಲೆ ಎತ್ತಿ ಅತ್ತೆಯ ಕಡೆ ನೋಡಿದಳು.

"ಇದರ ಕುಂಚಿಗಿನೂ ಬಿಚ್ಚರಿ, ಅತ್ತಿ. ಅನಸವ್ವನ ಕೂಸಿಗೆ ಸೆಕಿ ಆಗಾಕತ್ತೈತಿ."